ಹಳೆಯ ಕಾರಿಗೆ ಬೇರೊಂದರ ಎಂಜಿನು

ಮೋಟಾರು ಗಾಡಿಯ ಎಂಜಿನು ಸವೆದುಹೋದರೆ ಅದನ್ನು ಕಿತ್ತು, ಆ ಜಾಗದಲ್ಲಿ ಬೇರೊಂದನ್ನು ಕೂಡಿಸಿದರಾಯಿತು ಎಂದು ನಂಬಿದವರು ಬಹಳ ಮಂದಿ. ನಾವೂ ಅವರಲ್ಲಿ ಒಬ್ಬರಾಗಿದ್ದೆವು. ನಮ್ಮ ಆ ನಂಬಿಕೆಯನ್ನು ತಿದ್ದಿದುದು 1998ರ ಡಿಸೆಂಬರು ತಿಂಗಳಲ್ಲಿ ಚಾರ್ಮಾಡಿ ಘಾಟಿಯ ಒಂದು ತಿರುವು.

ಗಾಡಿ ನಮ್ಮ ಮಿತ್ರರದು. 1980ರ ದಶಕದ ನಡುವಿನಲ್ಲಿ ಕೊಂಡ ಕಾಂಟೆಸ್ಸಾ. ಅದರ ಪೆಟ್ರೋಲ್ ಎಂಜಿನಿಗೆ ಒಮ್ಮೆ ಬೋರ್ ಮಾಡಿಸಿ ಆಗಿತ್ತು. ಮತ್ತೆ ನೀಲಿ ಹೊಗೆ ಬರತೊಡಗಿದಾಗ ಮಿತ್ರರು ಬೇಸತ್ತರು. ಪೆಟ್ರೋಲಿಗಿಂತ ಡೀಸೆಲ್ ಬಹಳ ಅಗ್ಗವಾಗಿದ್ದ ಕಾಲ ಅದು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಗುರ ಲಾರಿಯೊಂದರ ಡೀಸೆಲ್ ಎಂಜಿನು ಸಿಕ್ಕಿತು. ಗ್ಯಾರೇಜಿನವರು ಎರಡು ವಾರ ದುಡಿದು ಅದನ್ನು ಕಾರಿನೊಳಗೆ ಇಳಿಸಿದರು. ಬಾನೆಟ್ಟು ಮುಚ್ಚಿತು, ಗಾಡಿ ಓಡಿತು, ಎಲ್ಲರಿಗೂ ಸಂತೋಷವಾಯಿತು.

ನಿಜ ಹೇಳಬೇಕೆಂದರೆ ಈ ಗಾಡಿ ಹುಟ್ಟುವಾಗಲೇ ಎರವಲು ಎಂಜಿನನ್ನು ಹೊತ್ತು ಹುಟ್ಟಿದ್ದು. ಕಾಂಟೆಸ್ಸಾದ ಒಡಲು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ವಿಎಕ್ಸ್ ಎಂಬ ಕಾರಿನದು. ಅಲ್ಲಿ ಆ ಒಡಲಿಗೆ 1759 ಮತ್ತು 2279 ಘನ ಸೆಂಟಿಮೀಟರಿನ ಎಂಜಿನುಗಳಿದ್ದವು. ಹಿಂದುಸ್ತಾನ್ ಮೋಟಾರ್ಸ್ ಕಂಪನಿಯು 1984ರಲ್ಲಿ ಆ ಗಾಡಿಯನ್ನು ಇಲ್ಲಿ ಹೊರತಂದಾಗ, ಅಂಬಾಸಡರ್ ಕಾರಿನ 1489 ಘನ ಸೆಂಟಿಮೀಟರಿನ ಎಂಜಿನನ್ನೇ ಅದರಲ್ಲಿ ಕೂಡಿಸಿತು. ಅದರ ಬಲ ಸುಮಾರು 50 ಅಶ್ವಶಕ್ತಿ. ದೊಡ್ಡ ರಥಕ್ಕೆ ಸಣ್ಣ ಎತ್ತು ಕಟ್ಟಿದಂತಾಯಿತು.

ಈ ಕೊರತೆ ಎಷ್ಟೆಂಬುದನ್ನು ವಾಚಕರು ತಾವೇ ಲೆಕ್ಕ ಹಾಕಿ ನೋಡಬಹುದು. ಜನರೂ ಸಾಮಾನೂ ಸೇರಿ 1500 ಕಿಲೋಗ್ರಾಂ ತೂಗುವ ಕಾರು, ಹದಿನೈದು ಮೀಟರಿಗೆ ಒಂದು ಮೀಟರು ಏರುವ ದಾರಿಯನ್ನು ಗಂಟೆಗೆ 50 ಕಿಲೋಮೀಟರಿನಂತೆ ಹತ್ತುತ್ತಿದೆ ಎಂದಿಟ್ಟುಕೊಳ್ಳೋಣ. ಏರು, ಟೈರಿನ ಎಳೆತ, ಗಾಳಿಯ ತಡೆ ಇವೆಲ್ಲವನ್ನೂ ಗೆಲ್ಲಲು ಚಕ್ರದ ಬಳಿಯಲ್ಲಿ ಸುಮಾರು 25 ಅಶ್ವಶಕ್ತಿ ಬೇಕು. ಎಂಜಿನಿನಲ್ಲಿ 50 ಇದೆಯಲ್ಲ, ಧಾರಾಳವಾಯಿತು ಎನ್ನಬಾರದು. ಆ 50 ದೊರೆಯುವುದು ಅದು ನಿಮಿಷಕ್ಕೆ ನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಸುತ್ತು ತಿರುಗುವಾಗ. ಮೇಲಿನ ಗೇರಿನಲ್ಲಿ ಆ ವೇಗಕ್ಕೆ ಎಂಜಿನು ತಿರುಗುವುದು ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲಿ. ಆಗ ಅದು ಕೊಡುವುದು ಅರ್ಧದಷ್ಟು ಮಾತ್ರ. ಗೇರುಪೆಟ್ಟಿಗೆಯಲ್ಲೂ ಹಿಂದಿನ ಆಕ್ಸಲಿನಲ್ಲೂ ಒಂದು ಪಾಲು ನಷ್ಟವಾಗುತ್ತದೆ. ಆದುದರಿಂದ ಗೇರು ಇಳಿಸದೆ ಗತಿಯಿಲ್ಲ. ಕಂಪನಿಯವರಿಗೂ ಇದು ಮನವರಿಕೆಯಾಗಿರಬೇಕು. ಆ ದಶಕದ ಕೊನೆಯ ಭಾಗದಲ್ಲಿ ಅವರು ಜಪಾನಿನ ಇಸುಜು ಕಂಪನಿಯ 1817 ಘನ ಸೆಂಟಿಮೀಟರಿನ ಎಂಜಿನನ್ನೂ ಅದರೊಡನೆ ಐದು ಗೇರುಗಳ ಪೆಟ್ಟಿಗೆಯನ್ನೂ ತಂದು ಕೂಡಿಸಿದರು. ಎಂಜಿನಿನ ಜೊತೆಗೆ ಪೆಟ್ಟಿಗೆಯನ್ನೂ ಬದಲಾಯಿಸಿದರು ಎಂಬುದನ್ನು ಗಮನಿಸಬೇಕು.

ನಮ್ಮ ಮಿತ್ರರ ಗ್ಯಾರೇಜಿನವರು ಹಳೆಯ ಪೆಟ್ಟಿಗೆಯನ್ನೇ ಉಳಿಸಿಕೊಂಡರು. ಲಾರಿಯ ಎಂಜಿನಿನ ಹಿಂಬದಿಯ ಬೋಲ್ಟುಗಳ ಸ್ಥಾನಕ್ಕೂ ಕಾರಿನ ಪೆಟ್ಟಿಗೆಯ ತೂತುಗಳಿಗೂ ಹೊಂದಿಕೆಯಿಲ್ಲ. ಇವೆರಡರ ನಡುವೆ ದಪ್ಪನೆಯ ಉಕ್ಕಿನ ತಗಡೊಂದನ್ನು ಇಟ್ಟು, ಒಂದು ಮುಖಕ್ಕೆ ಎಂಜಿನಿನ ತೂತುಗಳನ್ನೂ ಇನ್ನೊಂದಕ್ಕೆ ಪೆಟ್ಟಿಗೆಯ ತೂತುಗಳನ್ನೂ ಕೊರೆಯುತ್ತಾರೆ. ನೋಡುವುದಕ್ಕೆ ಇದು ಸರಳವಾದ ಕೆಲಸ. ಆದರೆ ಇಡೀ ಕಾರ್ಯದಲ್ಲಿ ಅತ್ಯಂತ ಸೂಕ್ಷ್ಮವಾದ ಭಾಗವೂ ಇದೇ. ಎಂಜಿನಿನ ಕ್ರ್ಯಾಂಕ್ ದಂಡ ಮತ್ತು ಗೇರುಪೆಟ್ಟಿಗೆಯೊಳಕ್ಕೆ ಹೋಗುವ ದಂಡ ಇವೆರಡೂ ಒಂದೇ ಸರಳ ರೇಖೆಯಲ್ಲಿ ನಿಲ್ಲಬೇಕು. ಪೆಟ್ಟಿಗೆಯ ದಂಡದ ತುದಿ ಕ್ರ್ಯಾಂಕಿನ ಹಿಂಬದಿಯ ಸಣ್ಣದೊಂದು ಬುಶ್ಶಿನಲ್ಲಿ ಆತುಕೊಂಡಿರುತ್ತದೆ. ಕೇಂದ್ರಗಳು ಮಿಲಿಮೀಟರಿನ ಕೆಲವು ಹತ್ತನೆಯ ಭಾಗದಷ್ಟು ಸರಿದಿದ್ದರೂ ಸಾಕು, ದಂಡವು ಪ್ರತಿ ಸುತ್ತಿಗೊಮ್ಮೆ ಬಾಗಿ ನೇರವಾಗಬೇಕಾಗುತ್ತದೆ. ಬುಶ್ಶು ತಿನ್ನುತ್ತದೆ, ಬೇರಿಂಗು ಕೂಗುತ್ತದೆ, ಕ್ಲಚ್ಚಿನ ತಟ್ಟೆ ಮಧ್ಯದಲ್ಲಿ ಸೀಳುತ್ತದೆ. ಡಯಲ್ ಗೇಜ್ ಎಂಬ ಮುಳ್ಳಿನ ಅಳತೆಯ ಉಪಕರಣವನ್ನು ಕ್ರ್ಯಾಂಕಿಗೆ ಬಿಗಿದು, ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿದರೆ ತಪ್ಪು ಎಷ್ಟೆಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ನಾವು ನೋಡಿದ ಮೇಸ್ತ್ರಿಯಾದರೋ ಕಣ್ಣಂದಾಜಿನ ಮೇಲೆಯೇ ಭರವಸೆಯಿಟ್ಟಿದ್ದರು. ಅವರ ಕಣ್ಣು ಬಹಳ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆರು ತಿಂಗಳಲ್ಲಿ ಎರಡು ಕ್ಲಚ್ಚು ತಟ್ಟೆಗಳು ಹೋದವು.

ಕೆಳಗಡೆ ಇನ್ನೊಂದು ತೊಡಕು. ಕಾರಿನ ಮುಂಚಕ್ರಗಳನ್ನು ಹಿಡಿದ ಅಡ್ಡತೊಲೆ ಎಲ್ಲಿದೆಯೋ ಅಲ್ಲಿಗೇ ಸರಿಯಾಗಿ ಹೊಸ ಎಂಜಿನಿನ ಎಣ್ಣೆಯ ಬೋಗುಣಿ ಇಳಿಯಿತು. ಬೋಗುಣಿಯನ್ನು ಕತ್ತರಿಸಿ, ತಗ್ಗಿಸಿ, ಬೆಸುಗೆ ಹಾಕಿದರು. ಎಣ್ಣೆ ಹೀರುವ ಕೊಳವೆಯನ್ನೂ ಅದಕ್ಕೆ ತಕ್ಕಂತೆ ಮೋಟುಮಾಡಬೇಕು. ಇಲ್ಲವಾದರೆ ತಿರುವಿನಲ್ಲಿ ಎಣ್ಣೆ ಒಂದು ಪಕ್ಕಕ್ಕೆ ಹರಿದಾಗ ಕೊಳವೆ ಗಾಳಿಯನ್ನು ಹೀರುತ್ತದೆ. ಇಂಥ ಇಕ್ಕಟ್ಟುಗಳು ದೊಡ್ಡ ಕಾರ್ಖಾನೆಗಳನ್ನೂ ಬಿಟ್ಟಿಲ್ಲ. ಇಂಗ್ಲೆಂಡಿನಲ್ಲಿ 1964ರಲ್ಲಿ ಸನ್‌ಬೀಮ್ ಆಲ್ಪೈನ್ ಎಂಬ ಸಣ್ಣ ಗಾಡಿಗೆ ಅಮೆರಿಕದ ಫೋರ್ಡ್ ಕಂಪನಿಯ ಎಂಟು ಸಿಲಿಂಡರುಗಳ 4.2 ಲೀಟರಿನ ಎಂಜಿನನ್ನು ತುರುಕಿ, ಸನ್‌ಬೀಮ್ ಟೈಗರ್ ಎಂದು ಹೆಸರಿಟ್ಟು ಮಾರಿದರು. ಜಾಗ ಸಾಲದೆ ಸ್ಟಿಯರಿಂಗಿನ ಏರ್ಪಾಡನ್ನೇ ಬದಲಾಯಿಸಬೇಕಾಯಿತು. ಎಡಸಾಲಿನ ಹಿಂದಿನ ಸ್ಪಾರ್ಕ್ ಪ್ಲಗ್ಗಿಗೆ ಕೈ ನಿಲುಕದೆ, ಕಾರಿನ ಒಳಗಿನಿಂದ ಅದನ್ನು ಬಿಚ್ಚಲೆಂದು ತಡೆಗೋಡೆಯಲ್ಲಿ ಒಂದು ತೂತು ಮಾಡಿ ರಬ್ಬರಿನ ಬಿರಡೆ ಹಾಕಿದರು!

ಡೀಸೆಲ್ ಎಂಜಿನಿನ ಸ್ವಭಾವವೇ ಬೇರೆ. ಪೆಟ್ರೋಲ್ ಎಂಜಿನಿನಲ್ಲಿ ಗಾಳಿ ಏಳೆಂಟು ಪಟ್ಟು ಅದುಮಲ್ಪಟ್ಟರೆ, ಇದರಲ್ಲಿ ಇಪ್ಪತ್ತು ಪಟ್ಟಿನ ಸಮೀಪ. ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ 700 ಸುತ್ತಿನಂತೆ ಸುಮ್ಮನೆ ನಿಂತು ತಿರುಗುವಾಗ ಸೆಕೆಂಡಿಗೆ 23 ಸಲ ಸಿಡಿಯುತ್ತದೆ. ಪ್ರತಿಯೊಂದು ಸಿಡಿತಕ್ಕೂ ಗಾಡಿಯ ಮೈ ನಡುಗುತ್ತದೆ. ಪೆಟ್ರೋಲಿಗಾಗಿ ಮಾಡಿದ ರಬ್ಬರಿನ ಪೀಠಗಳು ಈ ನಡುಕವನ್ನು ನುಂಗಲಾರವು. ಭಾರವೂ ಹೆಚ್ಚು, ಒಬ್ಬ ದಪ್ಪ ಮನುಷ್ಯನನ್ನು ಸದಾ ಬಾನೆಟ್ಟಿನ ಮೇಲೆ ಕೂರಿಸಿಕೊಂಡು ಹೋದಂತೆ ಮುಂದಿನ ಸ್ಪ್ರಿಂಗುಗಳು ಕುಗ್ಗುತ್ತವೆ. ಬೀಗದ ಕೈ ತಿರುಗಿಸಿ ಹೊರಕ್ಕೆ ಎಳೆದರೂ ಹಳೆಯ ಬಗೆಯ ಡೀಸೆಲ್ ಎಂಜಿನು ನಿಲ್ಲುವುದಿಲ್ಲ, ಏಕೆಂದರೆ ಅದರಲ್ಲಿ ಕಿಡಿಯೇ ಇಲ್ಲ. ಇಂಧನವನ್ನು ತಡೆಯಲು ಬೇರೆಯೇ ಎಳೆದಂತಿ ಬೇಕು. ಮಿತ್ರರು ಮೊದಲ ದಿನ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಮನೆಯೊಳಗೆ ನಡೆದದ್ದೂ, ಗಾಡಿ ಅಂಗಳದಲ್ಲಿ ತನ್ನಷ್ಟಕ್ಕೆ ಗುಡುಗುತ್ತಿದ್ದದ್ದೂ ನಮಗೆ ಇನ್ನೂ ನೆನಪಿದೆ.

ವೇಗದ ಲೆಕ್ಕವನ್ನೂ ಮರೆಯುವಂತಿಲ್ಲ. ಚಕ್ರ ಒಂದು ಸುತ್ತಿಗೆ 1.9 ಮೀಟರು ಉರುಳುತ್ತದೆ, ಹಿಂದಿನ ಆಕ್ಸಲಿನ ಹಲ್ಲುಗಾಲಿಗಳು ನಾಲ್ಕಕ್ಕೆ ಒಂದರಂತೆ ಇಳಿಸುತ್ತವೆ ಎನ್ನೋಣ. ಲಾರಿಯ ಎಂಜಿನು ನಿಮಿಷಕ್ಕೆ 3200 ಸುತ್ತು ಮುಟ್ಟಿದೊಡನೆ ಗವರ್ನರು ಇಂಧನವನ್ನು ತಡೆದರೆ, ನಾಲ್ಕನೆಯ ಗೇರಿನಲ್ಲಿ ಆ ಗಾಡಿ ಗಂಟೆಗೆ 91 ಕಿಲೋಮೀಟರನ್ನು ದಾಟಲಾರದು. ಆಕ್ಸಲಿನ ಹಲ್ಲುಗಾಲಿಗಳನ್ನು ಬದಲಾಯಿಸಬೇಕು, ಇಲ್ಲವೇ ಐದನೆಯ ಗೇರು ಬೇಕು. ಎಂಜಿನಿನಿಂದ ಹಿಂದಕ್ಕೆ ಹೋಗುವ ಉದ್ದ ದಂಡದ ಕೀಲುಗಳೂ ಹಟಮಾರಿಗಳು. ಕೀಲು ಹತ್ತು ಡಿಗ್ರಿ ಬಾಗಿದ್ದರೆ ದಂಡದ ವೇಗ ಪ್ರತಿ ಸುತ್ತಿನಲ್ಲೂ ಎರಡು ಸಲ, ನೂರಕ್ಕೆ ಒಂದೂವರೆಯಷ್ಟು ಏರಿ ಇಳಿಯುತ್ತದೆ. ಎರಡು ಕೊನೆಗಳ ಕೋನಗಳೂ ಸಮವಾಗಿದ್ದರೆ ಒಂದರ ತಪ್ಪನ್ನು ಇನ್ನೊಂದು ಅಳಿಸುತ್ತದೆ. ಎಂಜಿನನ್ನು ಸ್ವಲ್ಪ ಓರೆಯಾಗಿ ಕೂರಿಸಿದರೆ ಅಳಿಸುವುದಿಲ್ಲ.

ಇವೆಲ್ಲವೂ ಹಣಕ್ಕೂ ಕಿವಿಗೂ ಆದ ನಷ್ಟ. ಪ್ರಾಣಕ್ಕೆ ಬಂದದ್ದು ಬೆರಳುಗಾತ್ರದ ಒಂದು ರಬ್ಬರು ನಳಿಕೆಯಿಂದ.

ಈ ಗಾಡಿಯ ಬ್ರೇಕಿಗೆ ನಿರ್ವಾತದ ಸಹಾಯವಿತ್ತು. ಪೆಟ್ರೋಲ್ ಎಂಜಿನು ಗಾಳಿಯನ್ನು ಎಳೆದುಕೊಳ್ಳುವ ದಾರಿಯಲ್ಲಿ ಒಂದು ಕದವಿರುತ್ತದೆ. ವೇಗದ ಪೆಡಲಿನಿಂದ ಕಾಲು ತೆಗೆದೊಡನೆ ಕದ ಮುಚ್ಚಿ, ಅದರ ಹಿಂದೆ ಒತ್ತಡ ಬಹಳ ಇಳಿಯುತ್ತದೆ. ಅಲ್ಲಿಂದ ಒಂದು ನಳಿಕೆ ಬ್ರೇಕಿನ ಡಬ್ಬಿಗೆ ಹೋಗುತ್ತದೆ. ಡಬ್ಬಿಯೊಳಗಿನ ಪೊರೆಯ ಒಂದು ಬದಿಯಲ್ಲಿ ನಿರ್ವಾತ. ಪೆಡಲನ್ನು ಒತ್ತಿದಾಗ ಇನ್ನೊಂದು ಬದಿಗೆ ಹೊರಗಿನ ಗಾಳಿ ನುಗ್ಗುತ್ತದೆ. ಪೊರೆಯ ವ್ಯಾಸ 20 ಸೆಂಟಿಮೀಟರು, ಒತ್ತಡಗಳ ಅಂತರ ಚದರ ಸೆಂಟಿಮೀಟರಿಗೆ 0.65 ಕಿಲೋಗ್ರಾಂ ಎಂದರೆ, ವಾಯುಮಂಡಲವು ಸುಮಾರು 200 ಕಿಲೋಗ್ರಾಂ ತೂಕದಷ್ಟು ಬಲದಿಂದ ನಮ್ಮ ಕಾಲಿಗೆ ನೆರವಾಗುತ್ತದೆ. ಈ ಉಪಕಾರ ನಮಗೆ ಗೊತ್ತೇ ಆಗುವುದಿಲ್ಲ.

ಡೀಸೆಲ್ ಎಂಜಿನಿನಲ್ಲಿ ಸಾಮಾನ್ಯವಾಗಿ ಆ ಕದವೇ ಇಲ್ಲ. ಅದು ಗಾಳಿಯನ್ನು ಪೂರ್ತಿಯಾಗಿ ಎಳೆದುಕೊಂಡು, ಇಂಧನವನ್ನು ಮಾತ್ರ ಹೆಚ್ಚುಕಡಿಮೆ ಮಾಡುತ್ತದೆ. ಕದವಿಲ್ಲದಲ್ಲಿ ನಿರ್ವಾತವೆಲ್ಲಿಯದು? ಆದುದರಿಂದ ಡೀಸೆಲ್ ಗಾಡಿಗಳಲ್ಲಿ ನಿರ್ವಾತಕ್ಕೆಂದೇ ಬೇರೆ ಪಂಪು ಇಡುತ್ತಾರೆ. ಗ್ಯಾರೇಜಿನವರಿಗೆ ಆ ನಳಿಕೆಯನ್ನು ಎಲ್ಲಿಗೆ ಸೇರಿಸಬೇಕೆಂದು ತಿಳಿಯಲಿಲ್ಲ. ಅದರ ಬಾಯಿಗೆ ಒಂದು ಬೋಲ್ಟು ತುರುಕಿ, ಕ್ಲಿಪ್ಪು ಬಿಗಿದು ಬಿಟ್ಟರು. ಬ್ರೇಕು ಗಟ್ಟಿಯಾಗಿದೆ ಎಂದು ಮಿತ್ರರು ದೂರಿದಾಗ, “ಹೊಸ ಲೈನರ್ ಹಾಕಿದೀವಿ ಸಾರ್, ಕೂತ್ಕೊಳ್ಳೋವರೆಗೂ ಹಾಗೇ ಇರುತ್ತೆ” ಎಂಬ ಸಮಾಧಾನ ದೊರೆಯಿತು. ಪೇಟೆಯ ರಸ್ತೆಗಳಲ್ಲಿ ಆ ಸಮಾಧಾನ ಸಾಕಾಗಿತ್ತು.

ಕೊಟ್ಟಿಗೆಹಾರವನ್ನು ಬಿಟ್ಟು ಉಜಿರೆಯ ಕಡೆಗೆ ಇಳಿಯತೊಡಗಿದಾಗ ಗಾಡಿಯಲ್ಲಿ ನಾವು ಐವರಿದ್ದೆವು. ಮೇಲೆ ಹೇಳಿದಷ್ಟೇ ಇಳಿಜಾರಿನಲ್ಲಿ, ಅಷ್ಟೇ ಭಾರದ ಗಾಡಿಯನ್ನು ಗಂಟೆಗೆ 40 ಕಿಲೋಮೀಟರಿನಲ್ಲಿ ಹಿಡಿದಿಡಬೇಕಾದರೆ, ಏಳೆಂಟು ವಿದ್ಯುತ್ ಇಸ್ತ್ರಿಪೆಟ್ಟಿಗೆಗಳು ಒಟ್ಟಿಗೆ ಕಾಯುವಷ್ಟು ಶಾಖವನ್ನು ಬ್ರೇಕೋ ಎಂಜಿನೋ ಎಡೆಬಿಡದೆ ಹೊರಚೆಲ್ಲಬೇಕು. ಪೆಟ್ರೋಲ್ ಎಂಜಿನಾದರೆ ಮುಚ್ಚಿದ ಕದದ ವಿರುದ್ಧ ಗಾಳಿಯನ್ನು ಹೀರುತ್ತ ಗಾಡಿಯನ್ನು ತಡೆಯುತ್ತದೆ. ಡೀಸೆಲಿನಲ್ಲಿ ಆ ತಡೆಯಿಲ್ಲ. ಅದುಮಿದ ಗಾಳಿ ಸ್ಪ್ರಿಂಗಿನಂತೆ ಹಿಗ್ಗಿ, ಪಡೆದ ಶಕ್ತಿಯ ಬಹುಭಾಗವನ್ನು ಪಿಸ್ಟನ್ನಿಗೆ ಹಿಂದಿರುಗಿಸುತ್ತದೆ. ಘಾಟಿಯಲ್ಲಿಳಿಯುವ ಲಾರಿಗಳಿಗೆ ಹೊಗೆಕೊಳವೆಯನ್ನು ಮುಚ್ಚುವ ಬೇರೆ ಬ್ರೇಕನ್ನು ಇಡುವುದು ಇದಕ್ಕಾಗಿಯೇ. ಮಿತ್ರರು ಹಳೆಯ ಅಭ್ಯಾಸದಂತೆ ಮೂರನೆಯ ಗೇರಿನಲ್ಲಿ ಇಳಿಯುತ್ತಿದ್ದರು. ನಾಲ್ಕನೆಯ ತಿರುವಿನ ಹೊತ್ತಿಗೆ ಅವರು ಎರಡೂ ಕಾಲುಗಳಿಂದ ಪೆಡಲನ್ನು ಮೆಟ್ಟಿ, ಆಸನದಿಂದ ಎದ್ದು ನಿಂತಂತಿದ್ದರು. ಸುಟ್ಟ ವಾಸನೆ ಬಂದಿತು. ಎಡಗಡೆ ಕಣಿವೆ. ಅವರು ಬಲಕ್ಕೆ ತಿರುಗಿಸಿ ಗಾಡಿಯನ್ನು ಬೆಟ್ಟದ ಬದಿಯ ಚರಂಡಿಗೂ ಮಣ್ಣಿನ ಗೋಡೆಗೂ ಒರೆಸಿ ನಿಲ್ಲಿಸಿದರು. ಎದುರಿನಿಂದ ಆ ಗಳಿಗೆಯಲ್ಲಿ ಬಸ್ಸು ಬರಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ.

ಆ ನಳಿಕೆಯ ಬಾಯಲ್ಲಿದ್ದ ಬೋಲ್ಟನ್ನು ಕಂಡವರು ಉಜಿರೆಯ ಒಬ್ಬ ಮೇಸ್ತ್ರಿ. ಅವರು ತೋರಿಸಿಕೊಟ್ಟ ಪರೀಕ್ಷೆಯನ್ನು ಯಾವ ಗಾಡಿಯಲ್ಲಾದರೂ ಮಾಡಬಹುದು. ಎಂಜಿನನ್ನು ನಿಲ್ಲಿಸಿ ಬ್ರೇಕಿನ ಪೆಡಲನ್ನು ನಾಲ್ಕೈದು ಸಲ ಒತ್ತಬೇಕು. ಡಬ್ಬಿಯಲ್ಲಿ ಉಳಿದ ನಿರ್ವಾತ ಮುಗಿದು ಪೆಡಲು ಗಟ್ಟಿಯಾಗುತ್ತದೆ. ಕಾಲನ್ನು ಅದರ ಮೇಲೆ ಹಾಗೆಯೇ ಇಟ್ಟು ಎಂಜಿನನ್ನು ಚಾಲೂ ಮಾಡಿದರೆ, ಪೆಡಲು ತಾನಾಗಿ ಸ್ವಲ್ಪ ಕೆಳಗಿಳಿಯಬೇಕು. ನಮ್ಮ ಗಾಡಿಯಲ್ಲಿ ಅದು ಕಲ್ಲಿನಂತೆ ನಿಂತಿತ್ತು.

ಊರಿಗೆ ಮರಳಿದ ಮೇಲೆ ಆಲ್ಟರ್ನೇಟರಿನ ಹಿಂಬದಿಗೆ ಕೂಡುವ ನಿರ್ವಾತದ ಪಂಪನ್ನು ಹಾಕಿಸಿದ್ದಾಯಿತು. ಆಮೇಲೆ ಕಾಗದಪತ್ರದ ತೊಡಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಗಾಡಿಯ ಮಾರ್ಪಾಟಿಗೆ ಸಂಬಂಧಿಸಿದುದು. ಮೊದಲು ಅದರಲ್ಲಿ ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆದು ಬದಲಾಯಿಸಲು ಎಡೆಯಿತ್ತು. 2000ದ ತಿದ್ದುಪಡಿ ಅದನ್ನು ಬಿಗಿ ಮಾಡಿತು. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಎತ್ತಿಹಿಡಿಯಿತು. ಮಿತ್ರರಂತೂ ಒಪ್ಪಿಗೆಯನ್ನೇ ಪಡೆದಿರಲಿಲ್ಲ. ಪುಸ್ತಕದಲ್ಲಿದ್ದ ಎಂಜಿನ್ ಸಂಖ್ಯೆ ಒಂದು, ಬಾನೆಟ್ಟಿನಡಿಯ ಸಂಖ್ಯೆ ಇನ್ನೊಂದು. ಅಪಘಾತವಾಗಿದ್ದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತಿತ್ತು.

ಪುಣ್ಯಕ್ಕೆ ಹಳೆಯ ಪೆಟ್ರೋಲ್ ಎಂಜಿನನ್ನು ಅವರು ಗುಜರಿಗೆ ಹಾಕಿರಲಿಲ್ಲ. ಗೋಣಿಯಲ್ಲಿ ಸುತ್ತಿ ಹಿತ್ತಿಲ ಕೊಟ್ಟಿಗೆಯಲ್ಲಿ ಇರಿಸಿದ್ದರು. ಸವೆದ ಸಿಲಿಂಡರುಗಳನ್ನು ದೊಡ್ಡದಾಗಿ ಕೊರೆದು, ಎರಕದ ಸ್ಲೀವುಗಳನ್ನು ಒತ್ತಿ ಕೂರಿಸಿ, ಮೂಲದ ಅಳತೆಗೇ ಮತ್ತೆ ಕೊರೆದರೆ ಎಂಜಿನು ಹೊಸದಾಗುತ್ತದೆ. ಮೊದಲೇ ಮಾಡಬಹುದಾಗಿದ್ದ ಆ ಕೆಲಸ 1999ರಲ್ಲಿ ಆಯಿತು; ಕ್ಲಚ್ಚುಗಳಿಗೂ ತಗಡಿಗೂ ಪಂಪಿಗೂ ಸುರಿದ ಹಣಕ್ಕಿಂತ ಕಡಿಮೆ ಖರ್ಚಿನಲ್ಲಿಯೇ ಆಯಿತು. ಅದನ್ನು ಕಾರಿಗೆ ಇಳಿಸಿದ ದಿನ ನಾವೂ ಹೋಗಿದ್ದೆವು. ಬೋಲ್ಟು ಕಚ್ಚಿ ಸೀಳಿದ್ದ ನಳಿಕೆಯ ತುದಿಯನ್ನು ಮೇಸ್ತ್ರಿ ಎರಡಂಗುಲ ಕತ್ತರಿಸಿ, ಉಳಿದುದನ್ನು ಅದರ ಹಳೆಯ ಜಾಗಕ್ಕೆ ಸೇರಿಸಿದರು. ಮಿತ್ರರು ಪೆಡಲಿನ ಮೇಲೆ ಕಾಲಿಟ್ಟು ಬೀಗದ ಕೈ ತಿರುಗಿಸಿದರು. ಪೆಡಲು ಎರಡು ಬೆರಳಿನಷ್ಟು ಮೆಲ್ಲಗೆ ಕೆಳಗಿಳಿಯಿತು.