ಅಟ್ಟ ಬೇಡ, ಬೀರು ಬೇಡ: ಹಬ್ಬದ ಗಿಫ್ಟ್ ಬಚ್ಚಿಡೋದೆಲ್ಲಿ?

ದೀಪಾವಳಿಗೆ ಇನ್ನೂ ಎರಡು ಮೂರು ವಾರ ಇರುವಾಗಲೇ ಆಫರ್ ನೋಡಿ ಏನೋ ಒಂದು ತಗೊಂಡಿರ್ತೀರಿ. ಅಮ್ಮನಿಗೆ ರೇಷ್ಮೆ ಸೀರೆ, ಗಂಡನಿಗೆ ಸ್ಮಾರ್ಟ್‌ವಾಚ್, ತಮ್ಮನಿಗೆ ಹೆಡ್‌ಫೋನ್, ಮಗಳಿಗೆ ಅವಳು ಆರು ತಿಂಗಳಿಂದ ಕೇಳ್ತಿರೋ ಸ್ಕೇಟಿಂಗ್ ಶೂ. ಕೊಳ್ಳೋದು ಹತ್ತು ನಿಮಿಷದ ಕೆಲಸ. ಹಬ್ಬದ ಬೆಳಗಿನವರೆಗೂ ಅದು ಯಾರ ಕಣ್ಣಿಗೂ ಬೀಳದ ಹಾಗೆ ಕಾಪಾಡೋದಿದೆಯಲ್ಲ, ಕಷ್ಟ ಇರೋದು ಅಲ್ಲಿ.

ನಮ್ಮ ಮನೆಗಳನ್ನ ಗುಟ್ಟು ಇಟ್ಟುಕೊಳ್ಳಲಿ ಅಂತ ಯಾರೂ ಕಟ್ಟಿಲ್ಲ. ಎರಡು ಬೆಡ್‌ರೂಮಿನ ಫ್ಲ್ಯಾಟು, ಅದರಲ್ಲಿ ನಾಲ್ಕೈದು ಜನ. ಬೀರುವಿಗೆ ಬೀಗ ಇದ್ದರೂ ಕೀ ಎಲ್ಲಿರುತ್ತೆ ಅನ್ನೋದು ಐದು ವರ್ಷದ ಮಗುವಿಗೂ ಗೊತ್ತು. "ಈ ಕಪಾಟು ಯಾರೂ ಮುಟ್ಟಬೇಡಿ" ಅಂದಿರೋ, ಮುಗೀತು. ಅಲ್ಲಿವರೆಗೆ ಅದರ ಕಡೆ ತಿರುಗಿಯೂ ನೋಡದವರೆಲ್ಲ ಸೇಫ್ಟಿ ಪಿನ್ ಹುಡುಕೋ ನೆಪದಲ್ಲಿ ಅದನ್ನೇ ತೆಗೀತಾರೆ.

ಬಚ್ಚಿಡೋ ಜಾಗ ಹೇಳಿಕೊಡುವ ವಿಡಿಯೊಗಳಿಗೇನೂ ಬರವಿಲ್ಲ. ಖಾಲಿ ಸೂಟ್‌ಕೇಸು, ಮಂಚದ ಕೆಳಗಿನ ಬಾಕ್ಸು, ಅಟ್ಟ, ಬಾತ್‌ರೂಮಿನ ಮೇಲಿನ ಸಜ್ಜಾ. ಬೇರೆ ದಿನಗಳಲ್ಲಾದರೆ ಇವೆಲ್ಲ ನಡೆಯುತ್ತೆ. ಹಬ್ಬದ ಮುಂಚೆ ಮಾತ್ರ ಒಂದೂ ಕೆಲಸಕ್ಕೆ ಬರಲ್ಲ. ಯಾಕಂದ್ರೆ ದೀಪಾವಳಿ ಅಂದರೆ ನಮ್ಮಲ್ಲಿ ದೀಪಕ್ಕಿಂತ ಮೊದಲು ಬರೋದು ಪೊರಕೆ. ಆಯುಧಪೂಜೆಗೆ ಒಂದು ಸುತ್ತು ಕ್ಲೀನಿಂಗ್ ಆಗಿರುತ್ತೆ. ಅಲ್ಲಿ ಬಿಟ್ಟುಹೋದ ಅಟ್ಟ, ಮಂಚದಡಿ, ಹಳೇ ಟ್ರಂಕು ಎಲ್ಲ ಈಗ ಹೊರಗೆ ಬರುತ್ತೆ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಶಾಸ್ತ್ರ. ಹಂಡೆ ಹೋಗಿ ಗೀಸರ್ ಬಂದ ಮನೆಗಳಲ್ಲೂ ಬಚ್ಚಲು ತಿಕ್ಕಿ, ಬಕೆಟ್ ಫಳಫಳ ಮಾಡದೆ ಅತ್ತೆಗೆ ಸಮಾಧಾನ ಇಲ್ಲ. ಅಂದರೆ ನೀವು ಯಾವುದನ್ನ "ಯಾರೂ ನೋಡದ ಮೂಲೆ" ಅಂದುಕೊಂಡಿದ್ದೀರೋ, ವರ್ಷಕ್ಕೆ ಒಮ್ಮೆ ಅದನ್ನ ನೋಡುವ ವಾರ ಇದೇ.

ಹಾಗಾಗಿ ಜಾಗ ಎಷ್ಟು ಒಳಗಿದೆ ಅಂತ ನೋಡಬೇಡಿ. ಅಲ್ಲಿಗೆ ಯಾರ ಕೈ ಹೋಗುತ್ತೆ ಅಂತ ನೋಡಿ.

ಸಾಸಿವೆ ಡಬ್ಬಿಯ ಲೆಕ್ಕ

ಹೆಂಡತಿಗೆ ಅಂತ ಬೆಳ್ಳಿ ಕಾಲ್ಗೆಜ್ಜೆ ತಂದ ಗಂಡ ಅದನ್ನ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ, ದೊಡ್ಡ ಪಾತ್ರೆಯೊಳಗೆ ಇಡ್ತಾನೆ. ಅವನ ತರ್ಕ ಏನು? ಆ ಪಾತ್ರೆ ವರ್ಷವಿಡೀ ಅಲ್ಲೇ ಇರುತ್ತೆ, ಯಾರೂ ಇಳಿಸಿದ್ದು ನೋಡಿಲ್ಲ. ಅವನಿಗೆ ಗೊತ್ತಿಲ್ಲದ್ದು ಒಂದೇ. ಅದು ಕಜ್ಜಾಯದ ಪಾತ್ರೆ. ಕಜ್ಜಾಯಕ್ಕೆ ಅಕ್ಕಿ ನೆನೆಸಿ, ಆರಿಸಿ, ಹಿಟ್ಟು ಮಾಡಿ, ಬೆಲ್ಲದ ಪಾಕಕ್ಕೆ ಕಲಸಿ ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ಇಡಬೇಕು. ಪಾತ್ರೆ ಇಳಿಯೋದು ಅವತ್ತೇ. ಗೆಜ್ಜೆ ಸಿಗೋದೂ ಅವತ್ತೇ.

ಅದೇ ಹೆಂಡತಿ ಸಾಸಿವೆ ಡಬ್ಬಿಯಲ್ಲಿ ಇಟ್ಟ ದುಡ್ಡು ಹತ್ತು ವರ್ಷ ಆದರೂ ಹೊರಗೆ ಗೊತ್ತಾಗಲ್ಲ. ಸಾಸಿವೆ ಡಬ್ಬಿಗೆ ಬೀಗ ಇಲ್ಲ. ದಿನಕ್ಕೆ ಎರಡು ಸಲ, ಒಗ್ಗರಣೆ ಹಾಕುವಾಗಲೆಲ್ಲ ಅದು ಎಲ್ಲರ ಎದುರಿಗೇ ತೆರೆಯುತ್ತೆ. ಆದರೂ ಭದ್ರ, ಯಾಕಂದ್ರೆ ಅದನ್ನ ತೆಗೆಯೋ ಕೈ ಆ ಮನೆಯಲ್ಲಿ ಒಂದೇ. 2016ರ ನವೆಂಬರ್ 8ರ ರಾತ್ರಿ ನೆನಪಿಸಿಕೊಳ್ಳಿ. ದೀಪಾವಳಿ ಮುಗಿದು ಹತ್ತು ದಿನವೂ ಆಗಿರಲಿಲ್ಲ, 500 ಮತ್ತು 1000 ರೂಪಾಯಿ ನೋಟು ಇನ್ನು ನಡೆಯಲ್ಲ ಅಂತ ಟಿವಿಯಲ್ಲಿ ಬಂತು. ಮಾರನೆ ದಿನದಿಂದ ಎಷ್ಟೋ ಮನೆಗಳಲ್ಲಿ ಸೀರೆ ಮಡಿಕೆಯಿಂದ, ಬೇಳೆ ಡಬ್ಬದಿಂದ, ದೇವರ ಪಟದ ಹಿಂದಿನಿಂದ ನೋಟು ಈಚೆಗೆ ಬಂತು. ಮಗಳ ಕಾಲೇಜಿಗೆ, ತವರಿಗೆ, ಕಾಯಿಲೆ ಕಸಾಲೆಗೆ ಅಂತ ಕೂಡಿಟ್ಟ ದುಡ್ಡನ್ನ ಹೆಂಗಸರು ಗಂಡನ ಮುಂದೆ ಎಣಿಸಿಕೊಡಬೇಕಾಯ್ತು. ಅದನ್ನ ಜೋಕ್ ಮಾಡಿ ಫಾರ್ವರ್ಡ್ ಮಾಡಿದವರು ಬಹಳ. ಅಷ್ಟು ವರ್ಷ ಅದು ಯಾಕೆ ಸಿಕ್ಕಿರಲಿಲ್ಲ ಅಂತ ಯೋಚಿಸಿದವರು ಕಡಿಮೆ.

ಅಂದರೆ ಗಿಫ್ಟ್ ಬಚ್ಚಿಡೋಕೆ ಹೊರಟವರಿಗೆ ಮನೆಯ ಇನ್ನೊಂದು ನಕ್ಷೆ ಕಾಣುತ್ತೆ. ಯಾರು ಯಾವ ಕೆಲಸ ಮಾಡ್ತಾರೆ, ಯಾರು ಏನನ್ನ ಮುಟ್ಟೋದೇ ಇಲ್ಲ. ಗಂಡನಿಂದ ಏನಾದರೂ ಮುಚ್ಚಿಡಬೇಕು ಅಂದರೆ ಸ್ಯಾನಿಟರಿ ಪ್ಯಾಡ್ ಇಡೋ ಡ್ರಾಯರ್ ಅಥವಾ ಮಗುವಿನ ಹಳೇ ನೋಟ್‌ಬುಕ್ಕುಗಳ ಕಟ್ಟು ಸಾಕು ಅಂತ ಗೆಳತಿಯರು ನಗ್ತಾ ಹೇಳ್ತಾರೆ. ಹೆಂಡತಿಯಿಂದ ಮುಚ್ಚಿಡೋ ಗಂಡನಿಗೆ ಸ್ಕೂಟರಿನ ಡಿಕ್ಕಿ, ಟೂಲ್ ಬಾಕ್ಸ್, ಅದೂ ಅವರು ಗಾಡಿ ಓಡಿಸದಿದ್ದರೆ ಮಾತ್ರ. ಗಂಡ ದಿನಾ ಅಡುಗೆ ಮಾಡುವ ಮನೆಯಲ್ಲಿ ಸಾಸಿವೆ ಡಬ್ಬಿಯೂ ಸೇಫ್ ಅಲ್ಲ. ಅಲ್ಲಿ ಹೆಂಡತಿ ಬೇರೆ ಜಾಗ ಹುಡುಕೋ ಕಷ್ಟ ಪಡಬೇಕು. ಪಡಲಿ, ಒಳ್ಳೇ ಕಷ್ಟವೇ.

ಎಲ್ಲರಿಂದಲೂ ಬಚ್ಚಿಡಬೇಕಾದರೆ ಆಫೀಸಿನ ಡ್ರಾಯರ್ ಬಿಟ್ಟರೆ ಎದುರುಮನೆ. ನಿಮ್ಮದು ಅವರ ಮನೇಲಿ, ಅವರದು ನಿಮ್ಮ ಮನೇಲಿ. ಆದರೆ ಎದುರುಮನೆ ಆಂಟಿ ಹೂ ಕಟ್ತಾ ಕೂತಾಗ ಅಮ್ಮನ ಹತ್ತಿರ "ನಿಮ್ಮ ಮಗ ಎಷ್ಟು ಒಳ್ಳೆಯವನು ರೀ" ಅಂತ ಕಾರಣವಿಲ್ಲದೆ ಶುರು ಮಾಡೋರಾದರೆ ಈ ದಾರಿ ಬೇಡ.

ಫೋನ್ ಹೇಳೋ ಚಾಡಿ

ವಸ್ತು ಬಚ್ಚಿಟ್ಟಾಯ್ತು ಅಂತ ನಿಶ್ಚಿಂತೆಯಿಂದ ಇರೋದು ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಈಗ ಗುಟ್ಟು ರಟ್ಟಾಗೋದು ಬೀರುವಿನಿಂದಲ್ಲ, ಫೋನಿನಿಂದ. ಅಪ್ಪನ ಜೊತೆ ಜಾಯಿಂಟ್ ಅಕೌಂಟ್ ಇದ್ದು ಬ್ಯಾಂಕಿಗೆ ಅವರ ನಂಬರ್ ಕೊಟ್ಟಿದ್ದರೆ, ನೀವು ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದ ಮರುಕ್ಷಣ ಮೆಸೇಜ್ ಹೋಗೋದು ಅವರಿಗೆ. ಮನೆಯವರೆಲ್ಲ ಒಂದೇ ಶಾಪಿಂಗ್ ಅಕೌಂಟ್ ಬಳಸ್ತಿದ್ದರೆ ಆರ್ಡರ್ ಪಟ್ಟಿಯಲ್ಲಿ ಫೋಟೊ ಸಮೇತ ಇರುತ್ತೆ. ಅಪಾರ್ಟ್‌ಮೆಂಟಿನ ಗೇಟ್ ಆ್ಯಪ್‌ನಲ್ಲಿ ಮನೆಯವರೆಲ್ಲರ ನಂಬರ್ ಸೇರಿಸಿದ್ದರೆ ಡೆಲಿವರಿ ಬಂದ ಸುದ್ದಿ ಒಟ್ಟಿಗೆ ಎಲ್ಲರಿಗೂ. ಇನ್ನು ನೀವು ಮೀಟಿಂಗಿನಲ್ಲಿರುವಾಗ ಡೆಲಿವರಿ ಹುಡುಗ ಬಾಗಿಲಿಗೆ ಬಂದು, ಅಮ್ಮ ಫೋನ್ ಮಾಡಿ "ಅದೇನೋ ಒಟಿಪಿ ಕೇಳ್ತಿದ್ದಾನಪ್ಪ, ಪಾರ್ಸಲ್ ದೊಡ್ಡದಿದೆ" ಅಂದರೆ, ಆ ಸರ್‌ಪ್ರೈಸ್ ಅಲ್ಲಿಗೆ ಮುಗಿದ ಹಾಗೆ.

ಅಷ್ಟಾಗಿ ಯಾರೂ ಗಮನಿಸದ ದಾರಿ ಇನ್ನೆರಡಿದೆ. ಹಾಲ್‌ನಲ್ಲಿರೋ ಟಿವಿಯ ಯೂಟ್ಯೂಬ್ ನಿಮ್ಮ ಅಕೌಂಟಿನಲ್ಲೇ ನಡೀತಿದ್ದರೆ, ನೀವು ರಾತ್ರಿ ಫೋನಿನಲ್ಲಿ ನೋಡಿದ ವಾಚ್ ರಿವ್ಯೂಗಳನ್ನೇ ಬೆಳಗ್ಗೆ ಅದು ಗಂಡನ ಮುಂದೆ ಸಾಲಾಗಿ ಇಡುತ್ತೆ. ಅಂಗಡಿಯಲ್ಲಿ ತೆಗೆದ ಸೀರೆಯ ಫೋಟೊ, ಫ್ಯಾಮಿಲಿ ಆಲ್ಬಮ್ ಶೇರ್ ಆಗಿದ್ದರೆ, ತಾನಾಗಿಯೇ ಅಕ್ಕನ ಫೋನಿಗೆ ಹೋಗಬಹುದು.

ಆಫೀಸಿನ ವಿಳಾಸ ಕೊಡಿ, ಆದರೆ ಮೊದಲು ವಿಚಾರಿಸಿ. ಕೆಲವು ಟೆಕ್ ಪಾರ್ಕುಗಳಲ್ಲಿ ಸ್ವಂತ ಪಾರ್ಸಲ್ ಒಳಗೆ ಬಿಡಲ್ಲ. ಹುಡುಕೋದು, ಕೊಳ್ಳೋದು ಎಲ್ಲ ನಿಮ್ಮ ಸ್ವಂತ ಅಕೌಂಟಿನಲ್ಲಿ ಮಾಡಿ. ವಾಟ್ಸ್ಆ್ಯಪ್‌ನಲ್ಲಿ 2023ರಿಂದ ಚಾಟ್ ಲಾಕ್ ಇದೆ, ಲಾಕ್ ಮಾಡಿದ ಚಾಟ್‌ನ ಹೆಸರೂ ಮೆಸೇಜೂ ನೋಟಿಫಿಕೇಶನ್‌ನಲ್ಲಿ ಕಾಣಲ್ಲ. ಒಂದು ಸ್ಮಾರ್ಟ್‌ವಾಚ್‌ಗೋಸ್ಕರ ಅಷ್ಟು ದೂರ ಹೋಗಬೇಡಿ ಅಂತ ನನ್ನ ಸಲಹೆ. ನಿಮ್ಮ ಫೋನಿನಲ್ಲಿ ಲಾಕ್ ಆದ ಚಾಟ್ ಇದೆ ಅಂತ ಗಂಡನಿಗೋ ಹೆಂಡತಿಗೋ ಗೊತ್ತಾದರೆ ಹಬ್ಬದ ಮನೆಯಲ್ಲಿ ಅದನ್ನ ವಿವರಿಸೋದು ಗಿಫ್ಟ್‌ಗಿಂತ ದುಬಾರಿ.

ಬಚ್ಚಿಟ್ಟು ಕೆಡಿಸಬೇಡಿ

ರೇಷ್ಮೆ ಸೀರೆಯನ್ನ ಪ್ಲಾಸ್ಟಿಕ್ ಕವರಿನಲ್ಲೇ ತೇವದ ಜಾಗಕ್ಕೆ ತುರುಕಿದರೆ ಜರಿ ಕಪ್ಪಾಗುತ್ತೆ. ಹಳೇ ಬಿಳಿ ಪಂಚೆಯಲ್ಲಿ ಸುತ್ತಿಡಿ, ನುಸಿಗುಳಿಗೆ ಜರಿಗೆ ತಾಗದಿರಲಿ. ಬೆಳ್ಳಿ ಸಾಮಾನಿನ ಡಬ್ಬಕ್ಕೆ ರಬ್ಬರ್ ಬ್ಯಾಂಡ್ ಹಾಕಬೇಡಿ, ರಬ್ಬರಿನಲ್ಲಿರೋ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತೆ. ಫೋನು, ವಾಚು ಬಿಸಿಲಲ್ಲಿ ನಿಲ್ಲಿಸೋ ಕಾರಿನಲ್ಲಿ ಬೇಡ.

ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಜನ ಪೆಟ್ಟು ತಿನ್ನೋದು ಇನ್ನೊಂದು ಕಡೆ. ಎಷ್ಟೋ ಸಾಮಾನಿಗೆ ಬದಲಾಯಿಸಿಕೊಡೋ ಅವಧಿ ತಲುಪಿದ ದಿನದಿಂದ 7 ದಿನ ಅಷ್ಟೇ. ನೀವು ಮೂರು ವಾರ ಬಚ್ಚಿಟ್ಟು, ಹಬ್ಬದ ದಿನ ತೆರೆದಾಗ ಒಂದು ಕಿವಿಯಲ್ಲಿ ಸದ್ದೇ ಬರದಿದ್ದರೆ? ಬಂದ ದಿನವೇ ಬಿಚ್ಚಿ, ಆನ್ ಮಾಡಿ, ನೋಡಿ, ಮತ್ತೆ ಪ್ಯಾಕ್ ಮಾಡಿಡಿ. ಹೊಸ ಡಬ್ಬದ ಸೀಲ್ ಹೋಯ್ತಲ್ಲ ಅಂತ ಬೇಜಾರಾದರೂ ಪರವಾಗಿಲ್ಲ. ಬಿಲ್ ಜೋಪಾನ.

ಪಟಾಕಿಯನ್ನಂತೂ ಮಕ್ಕಳಿಂದ ಮುಚ್ಚಿಡೋ ನೆಪದಲ್ಲಿ ಅಡುಗೆಮನೆಯ ಅಟ್ಟಕ್ಕೆ, ಸಿಲಿಂಡರ್ ಹಿಂದಕ್ಕೆ ತಳ್ಳಲೇಬೇಡಿ. 2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಹತ್ತಕ್ಕೂ ಹೆಚ್ಚು ಜನ ಬೆಂಕಿಗೆ ಬಲಿಯಾದದ್ದನ್ನ ಮರೆಯೋ ಹಾಗಿಲ್ಲ. ಅದನ್ನ ಬಚ್ಚಿಡೋದಕ್ಕಿಂತ ಹಬ್ಬದ ದಿನ ಬೇಕಾದಷ್ಟು ಮಾತ್ರ ತರೋದು ವಾಸಿ.

"ಅಪ್ಪನಿಗೆ ಹೇಳಬೇಡ ಪುಟ್ಟಾ"

ಮಕ್ಕಳಿಂದ ಬಚ್ಚಿಡೋದು ಒಂದು ಆಟ. ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮುಂಚೆ ನೆವ್ರಿ, ಕಿಡಿಯೊ, ಗುಳಿಯೊ ಎಲ್ಲ ಕರಿದು ಕುಸ್ವಾರ್ ಡಬ್ಬಗಳನ್ನ ಎತ್ತರಕ್ಕೆ ಏರಿಸಿಡೋದೂ, ಹಬ್ಬ ಬರೋ ಹೊತ್ತಿಗೆ ಡಬ್ಬ ಅರ್ಧ ಆಗಿರೋದೂ ಹೊಸದಲ್ಲ. ಹುಡುಕೋ ಮಗುವನ್ನ ಗದರಬೇಡಿ. ಹುಡುಕಾಟದಲ್ಲಿ ಅರ್ಧ ಹಬ್ಬ ಇದೆ.

ಮಗುವನ್ನೇ ನಿಮ್ಮ ಕಡೆ ಸೇರಿಸಿಕೊಳ್ಳುವಾಗ ಮಾತ್ರ ಸ್ವಲ್ಪ ಎಚ್ಚರ ಬೇಕು. "ಇದು ನಮ್ಮಿಬ್ಬರ ಗುಟ್ಟು, ಅಪ್ಪನಿಗೆ ಹೇಳಬೇಡ" ಅಂತ ನಾವು ಎಷ್ಟು ಸಲೀಸಾಗಿ ಹೇಳ್ತೀವಿ. ಮಗುವಿಗೆ ಕೆಟ್ಟದ್ದು ಮಾಡುವವರು ಬಳಸೋ ಮಾತೂ ಹೆಚ್ಚುಕಡಿಮೆ ಇದೇ. ಅದಕ್ಕೇ ಮಕ್ಕಳ ಸುರಕ್ಷತೆಯ ಬಗ್ಗೆ ಕೆಲಸ ಮಾಡುವವರು ಗುಟ್ಟು ಬೇರೆ, ಸರ್‌ಪ್ರೈಸ್ ಬೇರೆ ಅಂತ ಚಿಕ್ಕಂದಿನಲ್ಲೇ ಕಲಿಸಿ ಅಂತಾರೆ. ಸರ್‌ಪ್ರೈಸ್‌ಗೆ ಒಂದು ದಿನ ಗೊತ್ತಾಗಿರುತ್ತೆ, ಅವತ್ತು ಎಲ್ಲರಿಗೂ ಹೇಳ್ತೀವಿ, ಎಲ್ಲರಿಗೂ ಖುಷಿ. "ಹಬ್ಬದ ದಿನ ಎಣ್ಣೆಸ್ನಾನ ಆದಮೇಲೆ ನೀನೇ ಅಪ್ಪನಿಗೆ ಕೊಡು, ಅಲ್ಲಿವರೆಗೆ ಸರ್‌ಪ್ರೈಸ್" ಅಂತ ಹೇಳಿನೋಡಿ. ಅಷ್ಟರಲ್ಲೇ ಬಾಯಿಬಿಟ್ಟರೆ ಬಿಡಲಿ. ನಾಲ್ಕು ವರ್ಷದ ಮಗು ಅಪ್ಪನಿಂದ ಏನನ್ನೂ ಮುಚ್ಚಿಡಲಾರದು ಅಂದರೆ ವಾಚ್ ಹೋದರೂ ನಷ್ಟವೇನಿಲ್ಲ.

ದೊಡ್ಡವರಲ್ಲೂ ಇದೇ ಗೆರೆ ಇದೆ. ಇಎಂಐ ಮೇಲೆ ದೊಡ್ಡ ಟಿವಿ ತಂದು ಮನೆಯಲ್ಲಿ ಹೇಳದೇ ಇಡೋದು ಸರ್‌ಪ್ರೈಸ್ ಅಲ್ಲ, ತಿಂಗಳು ತಿಂಗಳೂ ಮುಂದುವರಿಯೋ ಗುಟ್ಟು.

ಸೀರೆಯ ವಿಷಯಕ್ಕೆ ಬಂದರೆ

ಅಪ್ಪ ಅಮ್ಮನಿಗೆ ತರೋದನ್ನ ಯಾಕೆ ಬಚ್ಚಿಡ್ತೀವಿ ಅನ್ನೋದು ಎಲ್ಲರಿಗೂ ಗೊತ್ತಿರೋದೇ. ಮೊದಲೇ ಹೇಳಿದರೆ "ನನಗ್ಯಾಕೋ ಇದೆಲ್ಲ, ಬೀರು ತುಂಬಾ ಇದೆ, ವಾಪಸ್ ಕೊಟ್ಟು ಬಾ" ಅಂತಾರೆ. ಹಬ್ಬದ ಬೆಳಗ್ಗೆ ದೇವರ ಮುಂದಿಟ್ಟು, ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ ಮೇಲೆ ಯಾರೂ ವಾಪಸ್ ಕಳಿಸಲ್ಲ. ರೇಟಿನ ಚೀಟಿ ಕಿತ್ತಿಡಿ, ಹೇಗೂ ಬೆಲೆ ಕೇಳ್ತಾರೆ, ನೀವು ಅರ್ಧ ಹೇಳ್ತೀರಿ, ಅವರು ನಂಬಲ್ಲ. ಶ್ರವಣ ಸಾಧನ, ಮಂಡಿನೋವಿಗೆ ಚಪ್ಪಲಿ ಇಂಥದ್ದನ್ನ ಮಾತ್ರ ಕೇಳಿಯೇ ತನ್ನಿ. ಹಾಕಿ ನೋಡದೆ ಅವು ಒಗ್ಗಲ್ಲ.

ಸೀರೆ ತಂದವರಿಗೆ ಇನ್ನೊಂದು ತೊಡಕಿದೆ, ಹುಡುಗರಿಗೆ ಹೊಳೆಯೋದೇ ಇಲ್ಲ. ಬ್ಲೌಸ್ ಇಲ್ಲದೆ ಅಮ್ಮ ಅದನ್ನ ಹಬ್ಬದ ದಿನ ಉಡೋದು ಹೇಗೆ? ಫಾಲ್ ಆಗಬೇಕು, ಕುಚ್ಚು ಕಟ್ಟಬೇಕು, ಬ್ಲೌಸ್ ಹೊಲಿಯಬೇಕು. ಹಬ್ಬಕ್ಕೆ ಹದಿನೈದು ದಿನ ಇದೆ ಅನ್ನುವಾಗಲೇ ಟೈಲರ್‌ಗಳು ಹೊಸ ಬಟ್ಟೆ ತಗೊಳ್ಳೋದು ನಿಲ್ಲಿಸಿರ್ತಾರೆ. ಅದಕ್ಕೆ ಮೊದಲೇ, ಅಮ್ಮ ಸಂಜೆ ದೇವಸ್ಥಾನಕ್ಕೆ ಹೋದಾಗ, ಬೀರುವಿನಿಂದ ಅವರ ಅಳತೆ ಬ್ಲೌಸ್ ಒಂದನ್ನ ಎತ್ತಿಕೊಂಡು ಹೋಗಬೇಕು. ಹಬ್ಬದ ಕ್ಲೀನಿಂಗ್‌ಗೆ ಅಮ್ಮ ಬೀರು ಖಾಲಿ ಮಾಡಿ, ಪ್ರತಿ ಬಟ್ಟೆಯನ್ನೂ ಕೊಡವಿ ಮಡಚಿ ಇಡುವಾಗ ಒಂದು ಬ್ಲೌಸ್ ಕಡಿಮೆ ಇರೋದು ಅವರಿಗೆ ತಿಳಿಯದೇ ಇರುತ್ತಾ? ತಿಳಿದಿರುತ್ತೆ. "ಇಲ್ಲೆಲ್ಲೋ ಇತ್ತಲ್ಲ" ಅಂತ ಒಂದು ಸಲ ಜೋರಾಗಿ ಅಂದು, ಮತ್ತೆ ಹಬ್ಬದವರೆಗೂ ಆ ಮಾತೇ ಎತ್ತಲ್ಲ.