ಹೇಳಿ ಕೆಡುವ ಎಂಜಿನ್

ಸೊರಬ ತಾಲ್ಲೂಕಿನ ಹೊಸಬಾಳೆಯಂಥ ಊರಿನಲ್ಲಿ ಜಡಿಮಳೆ ಹಿಡಿದರೆ ಹಾಸಿಗೆಯಿಂದ ಬೆಂಕಿಪೊಟ್ಟಣದವರೆಗೆ ಎಲ್ಲಕ್ಕೂ ತೇವ ಏರುತ್ತದೆ. ಹಳೆಯ ಪೆಟ್ರೋಲ್ ಕಾರುಗಳು ಸೋಲುತ್ತಿದ್ದುದು ಈ ತೇವಕ್ಕೇ. ಕಾಯಿಲ್, ಡಿಸ್ಟ್ರಿಬ್ಯೂಟರ್, ಪ್ಲಗ್ ವೈರು ಇವುಗಳ ಮೂಲಕ ಸಾವಿರಾರು ವೋಲ್ಟಿನ ವಿದ್ಯುತ್ ಹಾಯಬೇಕು. ದಾರಿಯಲ್ಲಿ ಎಲ್ಲೇ ನೀರಿನ ಪಸೆ ಕೂತರೂ ವಿದ್ಯುತ್ ಅಲ್ಲೇ ಸೋರಿಹೋಗಿ ಪ್ಲಗ್ಗಿನಲ್ಲಿ ಕಿಡಿ ಹಾರುವುದಿಲ್ಲ. ಅದೇ ಮಳೆಯಲ್ಲಿ ನೆನೆದು ನಿಂತ ಡೀಸೆಲ್ ಅಂಬಾಸಡರ್ ಮಾತ್ರ, ಸ್ವಲ್ಪ ಹೊತ್ತು ಹೀಟರ್ ಕೊಟ್ಟು ಸೆಲ್ಫ್ ಹೊಡೆದರೆ, ಮೈಯೆಲ್ಲ ನಡುಗಿಸಿಕೊಂಡು ಹೊರಟೇಬಿಡುತ್ತಿತ್ತು. ಮಲೆನಾಡಿನವರು ಡೀಸೆಲ್ ಗಾಡಿಯನ್ನು ನಂಬಿದ್ದಕ್ಕೆ ಇಂಧನ ಅಗ್ಗವಾಗಿತ್ತು ಎಂಬುದೊಂದೇ ಕಾರಣವಲ್ಲ.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್‌ಗೆ 1980ರ ಹೊತ್ತಿಗೆ ಡೀಸೆಲ್ ಎಂಜಿನ್ ಬಂತು. ಬ್ರಿಟನ್ನಿನ ಬಿಎಂಸಿ ಕಂಪನಿಯ ವಿನ್ಯಾಸ, 1489 ಸಿಸಿ, ಶಕ್ತಿ 37 ಅಶ್ವಶಕ್ತಿಯಷ್ಟು. ಇವತ್ತಿನ ಒಂದೂವರೆ ಲೀಟರಿನ ಡೀಸೆಲ್ ಕಾರು ನೂರಕ್ಕೂ ಹೆಚ್ಚು ಅಶ್ವಶಕ್ತಿ ಕೊಡುತ್ತದೆ. ಅಷ್ಟೇ ಗಾತ್ರದ ದಪ್ಪ ಬೀಡುಕಬ್ಬಿಣದಿಂದ ಮೂರನೇ ಒಂದು ಭಾಗದಷ್ಟು ಕೆಲಸವನ್ನು ಮಾತ್ರ ಕೇಳಿದರೆ ಅದು ಬಾಳಿಕೆ ಬರದೆ ಇನ್ನೇನು? ಹಳೆಯ ಎಂಜಿನ್ನಿನ ಗಟ್ಟಿತನದ ಅರ್ಧ ಗುಟ್ಟು ಇಲ್ಲೇ ಇದೆ.

ಇನ್ನರ್ಧ ಗುಟ್ಟು ಗಾಳಿಯದು. ಸೈಕಲ್ ಪಂಪಿನಿಂದ ಗಾಳಿ ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರುತ್ತೀರಿ. ಒತ್ತಿದರೆ ಗಾಳಿ ಕಾಯುತ್ತದೆ. ಇಂಥ ಡೀಸೆಲ್ ಎಂಜಿನ್ನಿನ ಪಿಸ್ಟನ್ ಗಾಳಿಯನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ಕುಗ್ಗಿಸುತ್ತದೆ. ಆ ಕಾಲದ ಪೆಟ್ರೋಲ್ ಎಂಜಿನ್ ಕುಗ್ಗಿಸುತ್ತಿದ್ದುದು ಏಳೆಂಟು ಪಟ್ಟು. ಡೀಸೆಲ್ಲಿನಲ್ಲಿ ಗಾಳಿಯ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ನಾಸಲ್ಲಿನಿಂದ ಮಂಜಿನಂತೆ ಸಿಡಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಕಿಡಿ ಬೇಡ, ಕಾಯಿಲ್ ಬೇಡ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ ಎಂಜಿನ್ ಇಂಧನದ ಶಾಖದಲ್ಲಿ ಶೇಕಡಾ 26ರಷ್ಟನ್ನು ಕೆಲಸವಾಗಿ ಮಾರ್ಪಡಿಸಿತ್ತು. ಆಗಿನ ಉಗಿ ಎಂಜಿನ್‌ಗಳು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ.

ಹಾಗಾದರೆ ಹೀಟರ್ ಯಾಕೆ? ಅಂಬಾಸಡರ್‌ನಂಥ ಎಂಜಿನ್‌ಗಳಲ್ಲಿ ಡೀಸೆಲ್ ಸಿಡಿಯುವುದು ಪಿಸ್ಟನ್ ಮೇಲಲ್ಲ, ಹೆಡ್ಡಿನೊಳಗಿನ ಪುಟ್ಟ ಕೋಣೆಯೊಂದರಲ್ಲಿ. ಅಲ್ಲಿ ಗಾಳಿ ಸುಳಿ ಸುತ್ತುವುದರಿಂದ ಡೀಸೆಲ್ ಚೆನ್ನಾಗಿ ಬೆರೆಯುತ್ತದೆ, ಬಡಿತವೂ ತಗ್ಗುತ್ತದೆ. ಆದರೆ ಬೆಳಗಿನ ಚಳಿಯಲ್ಲಿ ಆ ಕೋಣೆಯ ತಣ್ಣನೆ ಗೋಡೆಗಳು ಗಾಳಿಯ ಬಿಸಿಯನ್ನು ಹೀರಿಬಿಡುತ್ತವೆ. ಆ ಕೊರತೆಯನ್ನು ಹೀಟರ್ ಪ್ಲಗ್ ತುಂಬುತ್ತದೆ. ಒಮ್ಮೆ ಸ್ಟಾರ್ಟ್ ಆದಮೇಲೆ ಎಂಜಿನ್ನಿಗೆ ಬ್ಯಾಟರಿಯ ಹಂಗಿಲ್ಲ. ಕೀ ತೆಗೆದರೂ ನಿಲ್ಲದೆ, ಸ್ಟಾಪರ್ ಎಳೆದಾಗಷ್ಟೇ ನಿಲ್ಲುತ್ತಿದ್ದ ಗಾಡಿಗಳು ಇದಕ್ಕೇ ಸಾಕ್ಷಿ.

ಇಡೀ ವ್ಯವಸ್ಥೆಯಲ್ಲಿ ನಾಜೂಕಿನ ಭಾಗ ಒಂದೇ, ಡೀಸೆಲ್ ಪಂಪು. ಅದರೊಳಗೆ ಆಡುವ ಉಕ್ಕಿನ ಕೊಂತಕ್ಕೂ ಅದರ ಕೊಳವೆಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ಇಂಥ ಕುಸುರಿ ಕೆಲಸ ನಮ್ಮ ರಾಜ್ಯದಲ್ಲೇ ನಡೆಯಿತು. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ತಯಾರಿಸಿದ ಪಂಪು, ನಾಸಲ್ಲುಗಳು ದೇಶದ ಲಾರಿ, ಟ್ರ್ಯಾಕ್ಟರುಗಳಿಗೆಲ್ಲ ಹೋದವು. ಈ ಪಂಪಿಗೆ ಡೀಸೆಲ್ಲೇ ಜೀವ, ಎಷ್ಟೋ ಪಂಪುಗಳಲ್ಲಿ ಅದೇ ಕೀಲೆಣ್ಣೆ ಕೂಡ. ಅದರಲ್ಲಿ ಒಂದಿಷ್ಟು ನೀರು, ಒಂದು ಚಿಟಿಕೆ ದೂಳು ಬಂದರೂ ಕೊಂತ ಗೀಚಿಹೋಗುತ್ತದೆ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಳಗೆ ಗಾಳಿಯ ತೇವ ತಣಿದು ನೀರಾಗಿ ತಳ ಸೇರುತ್ತದೆ. ನಮ್ಮ ಕಡೆ ಪಂಪು ಹಾಳಾಗಲು ಇದೊಂದು ದೊಡ್ಡ ಕಾರಣ.

ಡೀಸೆಲ್ ಪೂರ್ತಿ ಮುಗಿಯಲು ಬಿಟ್ಟರೆ ಇನ್ನೊಂದು ತೊಂದರೆ, ‘ಏರ್ ಹಿಡಿಯುವುದು’. ದ್ರವವನ್ನು ಒತ್ತಿದರೆ ಅದು ಅಷ್ಟಾಗಿ ಕುಗ್ಗುವುದಿಲ್ಲ, ಒತ್ತಡ ನೇರ ನಾಸಲ್ಲಿಗೆ ಮುಟ್ಟುತ್ತದೆ. ಪೈಪಿನಲ್ಲಿ ಗಾಳಿಗುಳ್ಳೆ ಇದ್ದರೆ ಪಂಪಿನ ಶ್ರಮವೆಲ್ಲ ಅದನ್ನು ಕುಗ್ಗಿಸುವುದರಲ್ಲೇ ಕಳೆದು, ಸುಮಾರು ನೂರಿಪ್ಪತ್ತು ಬಾರ್ ಒತ್ತಡಕ್ಕೆ ತೆರೆಯಬೇಕಾದ ನಾಸಲ್ ಮುಚ್ಚಿಯೇ ಇರುತ್ತದೆ. ಮದ್ದು ಸುಲಭ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪಿನ ಸನ್ನೆ ಒತ್ತುತ್ತಾ ಹೋಗಬೇಕು. ಮೊದಲು ಬುಸುಬುಸು ನೊರೆ ಬರುತ್ತದೆ, ಆಮೇಲೆ ಗುಳ್ಳೆ ಕಡಿಮೆಯಾಗುತ್ತದೆ, ಕೊನೆಗೆ ಬರೀ ಡೀಸೆಲ್ ಸುರಿಯುತ್ತದೆ. ಆಗ ಸ್ಕ್ರೂ ಬಿಗಿ ಮಾಡಿ, ನಾಸಲ್ಲಿನ ನಟ್ಟುಗಳನ್ನು ಸಡಿಲಿಸಿ ಸೆಲ್ಫ್ ಹೊಡೆದರೆ ಉಳಿದ ಗಾಳಿಯೂ ಹೊರಬೀಳುತ್ತದೆ. ಎರಡು ಸ್ಪ್ಯಾನರ್, ಒಂದು ಚಿಂದಿಬಟ್ಟೆ ಇದ್ದರೆ ಸಾಕು. ಪಂಪಿನೊತ್ತಡ ಸಾವಿರದೈನೂರು ಬಾರ್ ದಾಟುವ, ಕಂಪ್ಯೂಟರ್ ಕೂರಿಸಿದ ಇಂದಿನ ಎಂಜಿನ್ನಿನಲ್ಲಿ ದಾರಿಬದಿಯಲ್ಲಿ ನಟ್ಟು ಸಡಿಲಿಸುವ ಸಾಹಸ ಮಾಡಬಾರದು, ಚರ್ಮ ಸೀಳಿಬಿಡುವಷ್ಟು ಒತ್ತಡ ಅದು.

ಹಳೆಯ ಡೀಸೆಲ್ ಕೆಡುವುದೇ ಇಲ್ಲ ಎಂಬ ಮಾತು ಸುಳ್ಳು. ಅದು ಕೆಡುತ್ತದೆ, ಆದರೆ ಹೇಳಿ ಕೆಡುತ್ತದೆ. ಹೇಳುವುದು ಹೊಗೆಯ ಬಣ್ಣದಲ್ಲಿ. ಕಪ್ಪು ಹೊಗೆಯೆಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಯಿತು: ಏರ್ ಫಿಲ್ಟರ್ ಕಟ್ಟಿರಬಹುದು, ನಾಸಲ್ ತೊಟ್ಟಿಕ್ಕುತ್ತಿರಬಹುದು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು, ರಿಂಗು ಸವೆದಿರಬಹುದು. ಬೆಳಿಗ್ಗೆ ಒಂದಿಷ್ಟು ಹೊತ್ತು ಬಿಳಿ ಹೊಗೆ ಬಂದರೆ ಹೀಟರ್ ಪ್ಲಗ್ ನೋಡಿ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಆಮೇಲೆ ಒಂದು ಮೈಲಿಯೂ ಓಡಿಸಬಾರದು. ದೊಡ್ಡ ಶೋರೂಮು ದೂರವಿರುವ ಊರಿನಲ್ಲಿ ನಂಬಿಕೆ ಎಂದರೆ ಇದೇ: ರೋಗ ಬೇಗ ತಿಳಿಯಬೇಕು, ಶಿರಾಳಕೊಪ್ಪದಲ್ಲೋ ಸಾಗರದಲ್ಲೋ ರಿಪೇರಿ ಆಗುವಂತಿರಬೇಕು.

ಆ ಹೊಗೆಯ ಇನ್ನೊಂದು ಮುಖವನ್ನೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 2020ರ ಏಪ್ರಿಲ್‌ನಿಂದ ದೇಶದೆಲ್ಲೆಡೆ ಮಾರಾಟವಾಗುತ್ತಿರುವ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಭಾಗಕ್ಕಿಂತ ಹೆಚ್ಚಿರುವಂತಿಲ್ಲ. ಆದರೆ ಮಸಿ ಹಿಡಿಯುವ ಫಿಲ್ಟರೇ ಇಲ್ಲದ ಹಳೆಯ ಎಂಜಿನ್ ಆ ಡೀಸೆಲ್ಲಿನಲ್ಲೂ ಮಸಿ ಉಗುಳುತ್ತದೆ. ಇಂಥ ಗಾಡಿಯನ್ನು ದಿನಾ ಪೇಟೆಯ ಜನಸಂದಣಿಯಲ್ಲಿ ಓಡಿಸುವುದು ಸರಿಯಲ್ಲ ಎಂಬುದೇ ನನ್ನ ಖಚಿತ ಅಭಿಪ್ರಾಯ.

ಅಂಗಳದಲ್ಲಿ ಹಳೆಯ ಡೀಸೆಲ್ ಗಾಡಿ ಇಟ್ಟುಕೊಂಡವರಲ್ಲಿ ಒಂದು ವಿನಂತಿ. ಮಳೆ ಶುರುವಾಗುವ ಮೊದಲು ಫಿಲ್ಟರಿನ ತಳದ ನೀರು ಬಸಿಯಿರಿ, ಟ್ಯಾಂಕ್ ತುಂಬಿಸಿಡಿ, ಆಯಿಲ್ ಬದಲಿಸಿ, ನಾಸಲ್ಲುಗಳನ್ನು ಒಮ್ಮೆ ಪರೀಕ್ಷೆಗೆ ಕೊಡಿ. ಮುಚ್ಚಿದ ಶೆಡ್ಡಿನೊಳಗೆ ಮಾತ್ರ ಎಂಜಿನ್ ಓಡಿಸಬೇಡಿ, ಮಕ್ಕಳು ಹತ್ತಿರ ಇದ್ದಾಗಲಂತೂ ಖಂಡಿತ ಬೇಡ.