ಚಂದ್ರನ ಮೇಲ್ಮೈ ವೀಕ್ಷಣೆ

ಚಂದ್ರನ ಮೇಲ್ಮೈ ವೀಕ್ಷಣೆ ಎಂದರೆ ಚಂದ್ರನ ಮೇಲಿರುವ ಕುಳಿ, ಪರ್ವತ ಹಾಗೂ ಬಯಲುಗಳನ್ನು ಬರಿಗಣ್ಣು, ದುರ್ಬೀನು ಅಥವಾ ದೂರದರ್ಶಕದ ಮೂಲಕ ದಿನದಿಂದ ದಿನಕ್ಕೆ ಗುರುತಿಸುವ ಕ್ರಮ. ಇದಕ್ಕೆ ಹುಣ್ಣಿಮೆಯೇ ಶ್ರೇಷ್ಠವಾದ ದಿನವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಚಂದ್ರನ ತಗ್ಗು-ದಿಣ್ಣೆಗಳನ್ನು ಕಾಣಲು ಹುಣ್ಣಿಮೆಯೇ ಅತ್ಯಂತ ಅನನುಕೂಲವಾದ ರಾತ್ರಿ. ಯಾವ ಸಂಜೆ ಯಾವ ಭಾಗ ಸ್ಪಷ್ಟವಾಗಿ ತೋರುವುದೆಂಬುದನ್ನು ಪಂಚಾಂಗದ ತಿಥಿಯಿಂದಲೇ ಅರಿಯಬಹುದು.

ನೆರಳಿನ ಪಾತ್ರ

ಚಂದ್ರನಲ್ಲಿ ಹಗಲು ಮತ್ತು ರಾತ್ರಿಯ ಭಾಗಗಳನ್ನು ಬೇರ್ಪಡಿಸುವ ಒಂದು ಗಡಿರೇಖೆ ಇರುತ್ತದೆ. ಶುಕ್ಲಪಕ್ಷದಲ್ಲಿ ಈ ರೇಖೆಯ ಮೇಲಿನ ಪ್ರದೇಶಗಳಿಗೆ ಅದು ಸೂರ್ಯೋದಯದ ಸಮಯ. ಬಿಸಿಲು ಓರೆಯಾಗಿ ಬೀಳುವುದರಿಂದ ಸಣ್ಣ ದಿಣ್ಣೆಯೂ ಉದ್ದವಾದ ನೆರಳನ್ನು ಚಾಚುತ್ತದೆ. ಉತ್ತ ಹೊಲದ ಸಾಲುಗಳು ಇಳಿಬಿಸಿಲಿನಲ್ಲಿ ಒಂದೊಂದಾಗಿ ಎದ್ದು ಕಾಣುತ್ತವೆ, ನಡುಮಧ್ಯಾಹ್ನ ಅದೇ ಹೊಲ ಸಮತಟ್ಟಾಗಿ ತೋರುತ್ತದೆ. ಚಂದ್ರನ ವಿಷಯದಲ್ಲಿಯೂ ಇದೇ ನಿಯಮ ಅನ್ವಯಿಸುತ್ತದೆ. ಹುಣ್ಣಿಮೆಯಂದು ಸೂರ್ಯನ ಬೆಳಕು ನಾವು ನೋಡುವ ದಿಕ್ಕಿನಿಂದಲೇ ಬೀಳುವುದರಿಂದ ನೆರಳುಗಳು ಮರೆಯಾಗುತ್ತವೆ.

ಗೆಲಿಲಿಯೋ 1609ರ ಕೊನೆಯಲ್ಲಿ ದೂರದರ್ಶಕದಿಂದ ಚಂದ್ರನನ್ನು ನೋಡಿದಾಗ, ಗಡಿರೇಖೆಯಾಚೆಯ ಕತ್ತಲೆಯಲ್ಲಿ ಹೊಳೆಯುವ ಚುಕ್ಕೆಗಳನ್ನು ಕಂಡನು. ಅವು ಬೆಳಗಿನ ಬಿಸಿಲು ತಾಗಿದ ಶಿಖರಗಳೆಂದು ತಿಳಿದು, ರೇಖೆಯಿಂದ ಅವುಗಳಿಗಿರುವ ದೂರದ ಆಧಾರದಿಂದ ಪರ್ವತಗಳ ಎತ್ತರವನ್ನು ಲೆಕ್ಕಹಾಕಿದನು.

ತಿಥಿ ಮತ್ತು ಗಡಿರೇಖೆ

ಸೂರ್ಯನಿಂದ ಚಂದ್ರನು 12 ಡಿಗ್ರಿ ದೂರ ಸರಿಯುವ ಅವಧಿಯೇ ಒಂದು ತಿಥಿ. ಆದುದರಿಂದ ಪ್ರತಿ ತಿಥಿಯಲ್ಲಿ ಗಡಿರೇಖೆಯೂ ಚಂದ್ರನ ಮೇಲೆ ಸುಮಾರು 12 ಡಿಗ್ರಿ ಮುಂದಕ್ಕೆ ಸಾಗುತ್ತದೆ. ಚಂದ್ರನ ಸಮಭಾಜಕದಲ್ಲಿ ಇದರ ವೇಗ ಗಂಟೆಗೆ ಸುಮಾರು 15 ಕಿ.ಮೀ., ಅಂದರೆ ಸೈಕಲ್ ಸವಾರನ ವೇಗ. ಒಂದೆರಡು ಗಂಟೆ ನೋಡುತ್ತಿದ್ದರೆ ಕತ್ತಲೆಯಲ್ಲಿದ್ದ ಶಿಖರವೊಂದು ಬೆಳಗುವುದನ್ನು ಕಾಣಬಹುದು.

ಶುಕ್ಲಪಕ್ಷದಲ್ಲಿ ಗಡಿರೇಖೆಯ ಬಳಿ ಕಾಣುವ ಮುಖ್ಯ ಲಕ್ಷಣಗಳು:

• ತದಿಗೆ-ಚೌತಿ: ಮಾರೆ ಕ್ರಿಸಿಯಮ್ ಎಂಬ ಅಂಡಾಕಾರದ ಕಪ್ಪು ಬಯಲು.
• ಷಷ್ಠಿ: ಸುಮಾರು 100 ಕಿ.ಮೀ. ಅಗಲದ ಥಿಯೋಫಿಲಸ್ ಕುಳಿ ಮತ್ತು ಅದರ ಮಧ್ಯಶಿಖರ.
• ಅಷ್ಟಮಿ: ಅಪೆನೈನ್ ಪರ್ವತಶ್ರೇಣಿ, ಟಾಲೆಮಿಯಸ್ ಕುಳಿ.
• ನವಮಿ: ಪ್ಲೇಟೊ, ಟೈಕೋ, ಕ್ಲೇವಿಯಸ್ ಕುಳಿಗಳು.
• ದಶಮಿ: 93 ಕಿ.ಮೀ. ಅಗಲದ ಕೋಪರ್ನಿಕಸ್ ಕುಳಿ.
• ತ್ರಯೋದಶಿ: ಸರ್ ಸಿ. ವಿ. ರಾಮನ್ ಅವರ ಹೆಸರಿನ ಸಣ್ಣ ಕುಳಿ. ಇದನ್ನು ಕಾಣಲು ಉತ್ತಮ ದೂರದರ್ಶಕ ಅವಶ್ಯ.

ಚಂದ್ರನು ಭೂಮಿಯಿಂದ ನೋಡುವವರಿಗೆ ಸ್ವಲ್ಪ ತೂಗಾಡಿದಂತೆ ತೋರುವುದರಿಂದಲೂ, ದಿನದ ನಡುವೆ ತಿಥಿ ಬದಲಾಗುವುದರಿಂದಲೂ ಈ ಪಟ್ಟಿಯಲ್ಲಿ ಒಂದು ತಿಥಿಯಷ್ಟು ಹೆಚ್ಚುಕಡಿಮೆಯಾಗಬಹುದು.

ಹುಣ್ಣಿಮೆ ಮತ್ತು ಕೃಷ್ಣಪಕ್ಷ

ಹುಣ್ಣಿಮೆಯಂದು ನೆರಳಿಲ್ಲದಿದ್ದರೂ ಬಣ್ಣದ ವ್ಯತ್ಯಾಸ ಚೆನ್ನಾಗಿ ತೋರುತ್ತದೆ. ಜನರು ಮೊಲವೆಂದು ಗುರುತಿಸುವ ಆಕೃತಿಯು ಪುರಾತನ ಲಾವಾರಸ ಹರಿದು ಗಟ್ಟಿಯಾದ ಕಪ್ಪು ಬಯಲುಗಳಿಂದಾದುದು. ಟೈಕೋ ಕುಳಿಯಿಂದ ಎಲ್ಲ ದಿಕ್ಕಿಗೂ ಹರಡಿದ ಬಿಳಿಯ ಕಿರಣರೇಖೆಗಳನ್ನು ನೋಡಲು ಇದೇ ಸರಿಯಾದ ಸಮಯ. ಕೃಷ್ಣಪಕ್ಷದಲ್ಲಿ ಅದೇ ಕುಳಿಗಳು ಅದೇ ತಿಥಿಗಳಂದು ಮತ್ತೆ ಗಡಿರೇಖೆಗೆ ಬರುತ್ತವೆ. ಆಗ ಅಲ್ಲಿ ಸೂರ್ಯಾಸ್ತ, ನೆರಳು ವಿರುದ್ಧ ದಿಕ್ಕಿಗೆ.

ಚಂದ್ರಯಾನ-3ರ ಉದಾಹರಣೆ

ಬೆಂಗಳೂರಿನಿಂದ ನಿಯಂತ್ರಿಸಲ್ಪಟ್ಟ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ 2023ರ ಆಗಸ್ಟ್ 23ರಂದು, ನಿಜ ಶ್ರಾವಣ ಶುಕ್ಲ ಸಪ್ತಮಿಯ ಸಂಜೆ, ಚಂದ್ರನ ಸುಮಾರು 69 ಡಿಗ್ರಿ ದಕ್ಷಿಣ ಅಕ್ಷಾಂಶ ಹಾಗೂ 32 ಡಿಗ್ರಿ ಪೂರ್ವ ರೇಖಾಂಶದಲ್ಲಿ ಇಳಿಯಿತು. ಆ ಸ್ಥಳದಲ್ಲಿ ಪಂಚಮಿಯ ವೇಳೆಗೆ ಸೂರ್ಯೋದಯವಾಗಿತ್ತು. ಸೌರಶಕ್ತಿಯನ್ನೇ ಅವಲಂಬಿಸಿದ್ದ ಲ್ಯಾಂಡರಿಗೆ ಚಂದ್ರನ ಒಂದು ಹಗಲು ಮಾತ್ರ ದುಡಿಯುವ ಕಾಲವಾಗಿತ್ತು. ಸೆಪ್ಟೆಂಬರ್ 4ರಂದು, ಕೃಷ್ಣ ಪಂಚಮಿಯ ದಿನ, ಅದನ್ನು ನಿದ್ರಾಸ್ಥಿತಿಗೆ ಕಳುಹಿಸಲಾಯಿತು. ಆ ಬಳಿಕ ಅದು ಮತ್ತೆ ಎಚ್ಚರಗೊಳ್ಳಲಿಲ್ಲ. ವೀಕ್ಷಕನಿಗೆ ನೆರಳನ್ನು ತೋರುವ ಗಡಿರೇಖೆಯೇ ಅಲ್ಲಿನ ಯಂತ್ರದ ಆಯುಷ್ಯವನ್ನೂ ನಿರ್ಧರಿಸಿತು.

ವೀಕ್ಷಣೆಗೆ ಅನುಕೂಲವಾದ ಕಾಲ

ಬಾಡಗಂಡಿ, ಬೀಳಗಿ, ಜಮಖಂಡಿ, ಮುಧೋಳ ಮುಂತಾದ ಊರುಗಳು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಹೋಳಿ ಹುಣ್ಣಿಮೆಗೆ ಮುನ್ನಿನ ಅಷ್ಟಮಿ ಹಾಗೂ ಯುಗಾದಿಯ ನಂತರದ ಅಷ್ಟಮಿಗಳಂದು ಇಲ್ಲಿ ಸೂರ್ಯಾಸ್ತದ ವೇಳೆಗೆ ಚಂದ್ರನು ಬಹುತೇಕ ನೆತ್ತಿಯ ಮೇಲಿರುತ್ತಾನೆ. ಆಗ ಅವನ ಬೆಳಕು ವಾತಾವರಣದ ತೆಳುವಾದ ಪದರವನ್ನು ಮಾತ್ರ ಹಾಯ್ದು ಬರುವುದರಿಂದ ನೋಟ ಹೆಚ್ಚು ಸ್ಥಿರವಾಗಿರುತ್ತದೆ. ಮಳೆಮೋಡಗಳೂ ವಿರಳ.

ಆರಂಭಿಕರಿಗೆ ಹತ್ತುಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ಸಾಕು. ಕೈ ನಡುಗದಂತೆ ಅದನ್ನು ಗೋಡೆಗೋ ಮರಕ್ಕೋ ಆನಿಸಿ ಹಿಡಿಯಬೇಕು. ಒಂದೇ ಕುಳಿಯನ್ನು ಮೂರು ನಾಲ್ಕು ಸಂಜೆ ನೋಡಿ, ತಿಥಿ ಮತ್ತು ವೇಳೆಯನ್ನು ಬರೆದು ಚಿತ್ರಿಸಿದರೆ, ನೆರಳು ಕುಗ್ಗುವ ಕ್ರಮವೂ ಕುಳಿಯ ಆಳವೂ ವಿದ್ಯಾರ್ಥಿಗಳಿಗೆ ಮನದಟ್ಟಾಗುತ್ತವೆ.